ಕೂರಬೇಡಿ, ಇದು ಕುರ್ಚಿ

ಆಯುಧಪೂಜೆಗೆ ಇನ್ನೂ ಹದಿನೈದು ದಿನ ಇತ್ತು. ವಾಟ್ಸಾಪ್‌ಗೆ ಒಂದು ಆಮಂತ್ರಣ ಬಂತು. ಮದುವೆ ಹಾಲ್ ಒಂದರಲ್ಲಿ ಮೂರು ದಿನದ ಫರ್ನಿಚರ್ ಮೇಳವಂತೆ. ಮೇಳ ಅನ್ನೋದು ನನ್ನ ಮಾತು. ಕಾರ್ಡಿನಲ್ಲಿ ಇದ್ದದ್ದು ‘ಲಿವಿಂಗ್ ಎಕ್ಸ್‌ಪೀರಿಯೆನ್ಸ್’. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಹೋಂಸ್ಟೇ ಮಾಲೀಕರಿಗೆ ವಿಶೇಷ ರಿಯಾಯಿತಿ’. ಕೊಡಗಿನಲ್ಲಿ ಹಾಗೆ ಬರೆದರೆ ಇಡೀ ಜಿಲ್ಲೆಗೇ ರಿಯಾಯಿತಿ ಕೊಟ್ಟ ಲೆಕ್ಕ.

ನಮ್ಮ ಮಾವನಿಗೆ ಹೋಂಸ್ಟೇ ಇಲ್ಲ. ಅಂಥವರು ಇನ್ನೂ ನಾಲ್ಕಾರು ಜನ ಉಳಿದಿದ್ದಾರೆ. ಅವರಿಗಿರುವುದು ಒಂದಿಷ್ಟು ಅರೇಬಿಕಾ ಕಾಫಿ, ಒಂದಿಷ್ಟು ರೊಬಸ್ಟಾ ಕಾಫಿ, 74 ವರ್ಷ ಮತ್ತು ಎರಡೂ ಕಾಲಿಗೆ ಮಂಡಿನೋವು. ಜಗಲಿಯಲ್ಲಿ ಕೂತು ಮಳೆ ನೋಡಲಿಕ್ಕೆ ಒಂದು ಒಳ್ಳೇ ಕುರ್ಚಿ ಬೇಕಿತ್ತು. ‘ನಡಿ, ನೋಡಿ ಬರುವ’ ಅಂದರು. ಕುರ್ಚಿ ಬೇಕಾದವರು ಫರ್ನಿಚರ್ ಮೇಳಕ್ಕೆ ಹೋಗಬಾರದು ಅಂತ ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಬಾಗಿಲಲ್ಲೇ ಒಂದು ಕುರ್ಚಿ. ಅದರ ಮೇಲೆ ಲೈಟು. ಸುತ್ತ ಕೆಂಪು ಹಗ್ಗ. ಬೆನ್ನು ಒರಗುವ ಜಾಗದಲ್ಲಿ ಮೂರು ಸರಳು, ಕೂರುವ ಜಾಗದಲ್ಲಿ ಒಂದು ತೂತು. ಮಾವ ಹಗ್ಗ ದಾಟಲು ಕಾಲೆತ್ತಿದರು. ಕಪ್ಪು ಕೋಟಿನ ಹುಡುಗಿ ಓಡಿ ಬಂದಳು.

‘ಅಂಕಲ್, ಕೂರಬೇಡಿ ಪ್ಲೀಸ್. ಇದು ಸ್ಟೇಟ್‌ಮೆಂಟ್ ಪೀಸ್.’

ಮಾವನಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಗೊತ್ತು. ಬೇಲಿ ತಕರಾರಲ್ಲಿ ಒಮ್ಮೆ ಪೊಲೀಸರಿಗೆ ಸ್ಟೇಟ್‌ಮೆಂಟ್ ಕೊಟ್ಟೂ ಗೊತ್ತು. ‘ಎಂತ ಹೇಳ್ತದೆ ಇದು?’ ಅಂತ ಕೇಳಿದರು. ಹುಡುಗಿ ಪಾಪ, ಮೆಲ್ಲಗೆ ನಕ್ಕಳು. ಅದು ಹೇಳುತ್ತಿದ್ದದ್ದು ಒಂದೇ. ಕೂರಬೇಡಿ.

ಒಳಗೆ ಹೋದರೆ ಅದೇ ಮಾತು ನಾಲ್ಕು ಬಗೆಯಲ್ಲಿ. ‘ಡಿಸ್‌ಪ್ಲೇಗೆ ಮಾತ್ರ’. ‘ಮುಟ್ಟಬೇಡಿ’. ‘ಸೋಲ್ಡ್’. ಒಂದು ಸೋಫಾದ ಮೇಲೆ ಹನ್ನೊಂದು ದಿಂಬು. ಅಲ್ಲಿ ಬೋರ್ಡೇ ಬೇಕಿರಲಿಲ್ಲ, ಕೂರಲಿಕ್ಕೆ ಜಾಗವೇ ಇಲ್ಲ. ಇನ್ನೂ ಚೆನ್ನಾಗಿದ್ದದ್ದು ವೇದಿಕೆ. ಹಾಲ್ ತುಂಬ ಕುರ್ಚಿ ಇಟ್ಟುಕೊಂಡು, ದೀಪ ಹಚ್ಚಲು ಬಂದ ಗಣ್ಯರಿಗೆ ಮಾತ್ರ ಮದುವೆ ಹಾಲ್‌ನ ಪ್ಲಾಸ್ಟಿಕ್ ಕುರ್ಚಿ. ಬಿಳಿ ಬಟ್ಟೆ ಹೊದಿಸಿ, ಹಿಂದೆ ರಿಬ್ಬನ್ ಗಂಟು ಕಟ್ಟಿದ್ದರು. ಎಲ್ಲರೂ ಆರಾಮಾಗಿ ಕೂತಿದ್ದರು.

ನ್ಯಾಯವಾಗಿ ಹೇಳಬೇಕು. ಕೂರಬಾರದ ಆಸನ ನಮ್ಮಲ್ಲೂ ಇತ್ತು. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಕಿದ ದಪ್ಪ ಹಲಗೆ ಇರುತ್ತದೆ, ಐಮರ ಅಂತಾರೆ. ಅದು ಹಿರಿಯರ ಜಾಗ. ಅವರು ಬಂದರೆ ಕಿರಿಯರು ಎದ್ದು ನಿಲ್ಲಬೇಕು. ಆದರೆ ಯಾರಾದರೂ ಒಬ್ಬರು ಅದರ ಮೇಲೆ ಕೂರುತ್ತಿದ್ದರು ಅಲ್ವಾ? ತಲೆಮಾರುಗಟ್ಟಲೆ ಜನ ಕೂತು ಕೂತೇ ಅದಕ್ಕೆ ಆ ಹೊಳಪು ಬಂದದ್ದು. ಈ ಮೇಳದ ಹೊಳಪು ಡಬ್ಬದಲ್ಲಿ ಬರುತ್ತದೆ. ಮೂರು ಕೋಟ್ ಹೊಡೆದು, ಕೈಬೆರಳ ಗುರುತು ಬಿದ್ದರೆ ಒರೆಸಲು ಹಳದಿ ಬಟ್ಟೆ ಹಿಡಿದ ಒಬ್ಬ ಹುಡುಗನನ್ನು ಪಕ್ಕದಲ್ಲೇ ನಿಲ್ಲಿಸಿರುತ್ತಾರೆ.

ಅಷ್ಟರಲ್ಲಿ ಡಿಸೈನರ್ ಬಂದ. ಮೈಗೆಲ್ಲ ಕಪ್ಪು, ಕಾಲಿಗೆ ಮಾತ್ರ ಬಿಳಿ ಶೂ. ಸೆಪ್ಟೆಂಬರ್‌ನ ಕೊಡಗಿನಲ್ಲಿ ಬಿಳಿ ಶೂ ಹಾಕುವವನಿಗೆ ಧೈರ್ಯ ಜಾಸ್ತಿ. ಅವನ ಪ್ರತಿ ಮಾತೂ ಮಿಲಾನ್‌ನಿಂದ ಶುರು. ‘ಮಿಲಾನ್‌ನಲ್ಲಿ ಈ ಸಲ ಇದೇ ಟ್ರೆಂಡ್ ಸರ್.’

ಮಿಲಾನ್‌ನ ಫರ್ನಿಚರ್ ಮೇಳವನ್ನು ಬೈಯಲು ನನಗೆ ಮನಸ್ಸಿಲ್ಲ. ಇಟಲಿಯವರು 1961ರಲ್ಲಿ ಅದನ್ನು ಶುರು ಮಾಡಿದ್ದು ತಮ್ಮ ಮರಗೆಲಸವನ್ನು ಹೊರದೇಶಕ್ಕೆ ಮಾರಲು. ಸೀದಾ ವ್ಯಾಪಾರ. ಈಗ ಪ್ರತಿ ಏಪ್ರಿಲ್‌ನಲ್ಲಿ ಆರು ದಿನ ನಡೆಯುತ್ತದೆ, ಮೂರು ಲಕ್ಷಕ್ಕೂ ಜಾಸ್ತಿ ಜನ ಸೇರುತ್ತಾರೆ. ಮೇಳದ ಹೊರಗೆ ಊರಿಗೆ ಊರೇ ಇನ್ನೊಂದು ಮೇಳ. ಕಾರಿನ ಕಂಪನಿ, ಬಟ್ಟೆ ಕಂಪನಿ, ಎಲ್ಲರೂ ಹಳೇ ಅರಮನೆಗಳ ಅಂಗಳದಲ್ಲಿ ಏನಾದರೊಂದು ನಿಲ್ಲಿಸಿರುತ್ತಾರೆ. ಆ ಆರು ದಿನ ಅಲ್ಲಿ ಡಿಸೈನರ್‌ಗಳ ಹಾರಾಟ. ಸರಿಯಾಗಿ ಅದೇ ಏಪ್ರಿಲ್‌ನಲ್ಲಿ ನಮ್ಮ ಅರೇಬಿಕಾ ತೋಟಗಳಲ್ಲಿ ಕಾಂಡಕೊರಕದ ದುಂಬಿಯ ಹಾರಾಟ. ಈ ಎರಡು ಹಾರಾಟಕ್ಕೆ ಸಂಬಂಧ ಇಲ್ಲ ಅಂತ ಮೇಳಕ್ಕೆ ಹೋಗುವ ತನಕ ನಾನೂ ನಂಬಿದ್ದೆ. ಆ ಕಥೆ ಮುಂದೆ ಬರುತ್ತದೆ.

ಡಿಸೈನರ್ ಮೊದಲು ತೋರಿಸಿದ್ದು ಒಂದು ಮುಕ್ಕಾಲಿ. ಕೊಡವರ ಮದುವೆಯಲ್ಲಿ ಹೆಣ್ಣು, ಗಂಡು ಕೂರುವುದು ಇದರ ಮೇಲೆ. ಕಾಲು ಮೂರೇ ಆದ್ದರಿಂದ ನೆಲ ಎಷ್ಟೇ ಏರುಪೇರಿದ್ದರೂ ಅಲುಗಾಡುವುದಿಲ್ಲ. ನಾಲ್ಕು ಕಾಲಿನದ್ದಕ್ಕೆ ಒಂದು ಕಾಲಿನ ಕೆಳಗೆ ಯಾವಾಗಲೂ ಮಡಚಿದ ಪೇಪರ್ ಬೇಕು, ಯಾವ ಹೋಟೆಲ್‌ಗೆ ಬೇಕಾದರೂ ಹೋಗಿ ನೋಡಿ. ಹೆಸರಿನ ಚೀಟಿಯಲ್ಲಿ ‘ಹೆರಿಟೇಜ್ ಮುಕ್ಕಾಲಿ’ ಅಂತ ಬರೆದಿತ್ತು. ಮಾವ ಬಗ್ಗಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

‘ನಾಲ್ಕು ಕಾಲುಂಟಲ್ಲ?’

‘ಹೌದು ಸರ್. ಕಸ್ಟಮರ್ಸ್ ಸ್ಟೆಬಿಲಿಟಿ ಕೇಳ್ತಾರೆ.’

ಮುಂದೆ ಬೆತ್ತದ ಕುರ್ಚಿ. ಕಾಲು ಎರಡೂ ಕಡೆ ತಲೆಕೆಳಗಾದ ‘ವಿ’ ಹಾಗೆ. ನೀವೂ ನೋಡಿರುತ್ತೀರಿ, ಈಗ ಕೆಫೆ ತೆರೆಯುವ ಎಲ್ಲರೂ ಇದನ್ನೇ ಹಾಕುತ್ತಾರೆ. ಇದರ ಮೂಲ ಚಂಡೀಗಢ. 1950ರ ದಶಕದಲ್ಲಿ ಆ ಊರು ಕಟ್ಟುವಾಗ ಪಿಯರ್ ಜೀನರೆ ಅನ್ನುವ ಸ್ವಿಸ್ ವಾಸ್ತುಶಿಲ್ಪಿ ಮತ್ತವರ ಜೊತೆಯವರು ಸರ್ಕಾರಿ ಕಚೇರಿಗಳಿಗಾಗಿ ತೇಗ, ಬೆತ್ತದಲ್ಲಿ ಮಾಡಿಸಿದ್ದು. ಗುಮಾಸ್ತರು ಫೈಲ್ ಇಟ್ಟುಕೊಂಡು ಕೂತು, ಬೆತ್ತ ಹರಿದು, ಮುರಿದು ಟೆರೇಸಿನಲ್ಲಿ ರಾಶಿ ಬಿದ್ದವು. ಸರ್ಕಾರ ಗುಜರಿ ಬೆಲೆಗೆ ಹರಾಜು ಹಾಕಿತು. ಹೊರದೇಶದ ವ್ಯಾಪಾರಿಗಳು ಅದನ್ನೇ ಕೊಂಡು, ರಿಪೇರಿ ಮಾಡಿಸಿ, ಅಲ್ಲಿನ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಸುಮ್ನೆ ಹೇಳುತ್ತಿಲ್ಲ, ನಡೆದ ಸಂಗತಿ. ನಮ್ಮ ಮೇಳದಲ್ಲಿದ್ದದ್ದು ಅದರ ಮೊಮ್ಮಗ. ಬೆತ್ತದ ಜಾಗದಲ್ಲಿ ಪ್ಲಾಸ್ಟಿಕ್ ಹೆಣಿಗೆ. ಒಂದು ಗುಮಾಸ್ತನ ಕುರ್ಚಿಗೆ 46 ಸಾವಿರ. ಗುಮಾಸ್ತ ಬೇರೆ ಇಟ್ಟುಕೊಳ್ಳಬೇಕು.

ಮಾವನ ಕಣ್ಣು ಮಾತ್ರ ಇನ್ನೊಂದರ ಮೇಲಿತ್ತು. ಪ್ಲಾಂಟರ್ಸ್ ಚೇರ್. ಉದ್ದ ಕೈಯ ಆರಾಮ ಕುರ್ಚಿ. ಹಳೇ ಬಂಗಲೆಗಳ ವರಾಂಡದಲ್ಲಿ ದೊರೆಗಳು ತೋಟ ಸುತ್ತಿ ಬಂದು, ಕೈಯ ಕೆಳಗಿಂದ ಇನ್ನೊಂದು ಪಟ್ಟಿ ಹೊರಗೆಳೆದು, ಬೂಟುಗಾಲು ಅದರ ಮೇಲೆ ಚಾಚುತ್ತಿದ್ದ ಕುರ್ಚಿ ಅದು. ಮಂಡಿನೋವಿಗೆ ಅದಕ್ಕಿಂತ ಬೇರೆ ಬೇಕಾ? ಮಾವ ಯಾರನ್ನೂ ಕೇಳಲಿಲ್ಲ. ಕೂತರು. ಕೂತು ಪಟ್ಟಿ ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಕಪ್ಪು ಕೋಟಿನ ಹುಡುಗಿ, ಡಿಸೈನರ್, ಸೆಕ್ಯೂರಿಟಿಯವ, ಹಳದಿ ಬಟ್ಟೆಯ ಹುಡುಗ, ನಾಲ್ವರೂ ಒಟ್ಟಿಗೆ ಬಂದರು.

‘ಸರ್, ಅದು ತೆರೆಯೋದಿಲ್ಲ. ಅದು ವಿಶುವಲ್ ಎಲಿಮೆಂಟ್.’

ಕಾಲು ಚಾಚುವ ಕುರ್ಚಿ, ಆದರೆ ಕಾಲು ಚಾಚುವ ಹಾಗಿಲ್ಲ. ಮಾವ ಎದ್ದರು. ಏಳುವಾಗ ಎರಡೂ ಮಂಡಿ ಲಟಕ್ ಅಂದದ್ದು ನನಗೆ ಕೇಳಿಸಿತು. ‘ಮರ ಯಾವುದು?’ ಅಂದರು.

‘ರೋಸ್‌ವುಡ್ ಫಿನಿಶ್ ಸರ್.’

ಈ ‘ಫಿನಿಶ್’ ಅನ್ನುವ ಪದವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಒಳಗೆ ಮರದ ಪುಡಿಗೆ ಅಂಟು ಕಲಸಿ ಒತ್ತಿದ ಹಲಗೆ. ಮೇಲೆ ಒಂದು ಮಿಲಿಮೀಟರ್ ಲ್ಯಾಮಿನೇಟ್. ಲ್ಯಾಮಿನೇಟ್ ಅಂದರೆ ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ, ಬಿಸಿ ಮಾಡಿ ಒತ್ತಿದ್ದು. ಅದರ ಮೇಲಿನ ಕಾಗದದಲ್ಲಿ ಬೀಟೆ ಮರದ, ಅದೇ ರೋಸ್‌ವುಡ್‌ನ, ಗೆರೆಗಳ ಫೋಟೋ ಅಚ್ಚಾಗಿರುತ್ತದೆ. ಮಾವನ ತೋಟದಲ್ಲಿ ಬೀಟೆ ನಿಂತಿದೆ, ಅಪ್ಪಟ ಬೀಟೆ, ಕಾಫಿಗೆ ನೆರಳು ಕೊಡುತ್ತಾ. ಕಡಿಯಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ. ಅದಕ್ಕೆ ಮೊದಲು ಜಾಗ ಯಾವ ಬಾಣೆ (ಗದ್ದೆಯ ಜೊತೆ ಹಿಂದೆ ಬಿಟ್ಟುಕೊಟ್ಟ ಕಾಡುಜಾಗ), ಮರದ ಹಕ್ಕು ಯಾರದ್ದು ಅನ್ನುವ ಕೊಡಗಿನ ಹಳೇ ಪುರಾಣ. ಕಾನೂನು ಬೇಡ ಅಂತಲ್ಲ. ಅದಿಲ್ಲದಿದ್ದರೆ ಬೀಟೆ ಇಷ್ಟೊತ್ತಿಗೆ ಫೋಟೋದಲ್ಲಿ ಮಾತ್ರ ಇರುತ್ತಿತ್ತು. ಆದರೆ ಮನೆ ಹಿಂದೆ ನಿಂತ ಮರವನ್ನು ನೋಡಿಕೊಂಡು, ಅದರ ಫೋಟೋಗೆ 90 ಸಾವಿರ ಕೊಟ್ಟು, ಅದರ ಮೇಲೆ ಕೂರುವುದು ಸ್ವಲ್ಪ ಕಷ್ಟ. ಅದೂ ಎಷ್ಟು ದಿನ? ನಮ್ಮ ಜೂನ್, ಜುಲೈನಲ್ಲಿ ಆ ಪುಡಿ ಹಲಗೆ ನೀರು ಕುಡಿದು ಅಕ್ಕಿರೊಟ್ಟಿ ಹಾಗೆ ಉಬ್ಬುತ್ತದೆ. ಸ್ಕ್ರೂ ತಾನಾಗಿಯೇ ಹೊರಗೆ ಬರುತ್ತದೆ. ಬೆಂಗಳೂರಿನ ಗ್ಯಾರಂಟಿ ಕಾರ್ಡಿಗೆ ಇಂಚು ಸೆಂಟಿನ ಲೆಕ್ಕ ಗೊತ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಮಳೆಯನ್ನು ಇಂಚಿನಲ್ಲಿ ಅಳೆಯುತ್ತೇವೆ. ಇಂಚಿನ ನೂರನೇ ಒಂದು ಭಾಗ ಸೆಂಟ್. ಬೆಳಗಾದರೆ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದು ಆರೋಗ್ಯ ಅಲ್ಲ, ‘ನಿಮ್ಮಲ್ಲಿ ಎಷ್ಟು?’ ಅಂತ. ‘ಎರಡು ಇಂಚು ನಲವತ್ತು ಸೆಂಟ್’ ಅಂದರೆ ಮನೆಯವರೆಲ್ಲ ಚೆನ್ನಾಗಿದ್ದಾರೆ ಅಂತ ಅರ್ಥ.

ಅದಕ್ಕೇ ಗೋಡೆಯ ಸ್ಟಾಲ್ ಮಾವನಿಗೆ ಬಹಳ ಹಿಡಿಸಿತು. ಒಂದು ಗೋಡೆಗೆ ಬೂದು, ಹಸಿರು, ಕಂದು ಬಣ್ಣ ಕಲೆ ಕಲೆಯಾಗಿ ಬಳಿದಿದ್ದರು. ಅಲ್ಲಲ್ಲಿ ಗಾರೆ ಎದ್ದ ಹಾಗೆ. ‘ವಾಬಿ ಸಾಬಿ ಸರ್, ಜಪಾನಿನದ್ದು. ಅಪೂರ್ಣತೆಯಲ್ಲೇ ಸೌಂದರ್ಯ’ ಅಂದ ಡಿಸೈನರ್. ಚದರಡಿಗೆ ಇಷ್ಟು ಅಂತ ರೇಟೂ ಹೇಳಿದ.

‘ನಮ್ಮ ಬಚ್ಚಲುಮನೆ ಗೋಡೆ ಹೀಗೇ ಉಂಟು’ ಅಂದರು ಮಾವ. ‘ಪ್ರತಿ ವರ್ಷ ಆಗಸ್ಟ್‌ನಲ್ಲಿ ತಾನಾಗಿ ಬರ್ತದೆ. ನಾವು ದುಡ್ಡು ಕೊಟ್ಟು ಸುಣ್ಣ ಹೊಡೆಸ್ತೇವೆ.’

ಡಿಸೈನರ್ ಅದನ್ನು ಫೋನಿನಲ್ಲಿ ಬರೆದುಕೊಂಡ. ಮುಂದಿನ ವರ್ಷ ಯಾರದ್ದೋ ಹೋಂಸ್ಟೇಯಲ್ಲಿ ‘ಆಗಸ್ಟ್ ವಾಲ್’ ಅಂತ ಕಂಡರೆ ಆಶ್ಚರ್ಯ ಪಡಬೇಡಿ.

ಈಗ ಕಾಂಡಕೊರಕದ ಕಥೆ.

ಹಾಲ್‌ನ ನಟ್ಟನಡುವೆ ಕತ್ತಲೆ ಮಾಡಿ, ಒಂದೇ ಒಂದು ನೆಲದ ದೀಪ ಇಟ್ಟಿದ್ದರು. ನಾಲ್ಕಡಿ ಎತ್ತರದ ಕಾಫಿ ಕಾಂಡ. ಬೇರಿನ ಬುಡವೇ ಸ್ಟ್ಯಾಂಡ್, ತುದಿಯಲ್ಲಿ ಬಲ್ಬು. ಸಿಪ್ಪೆ ತೆಗೆದು ಪಾಲಿಶ್ ಹೊಡೆದಿದ್ದರು. ಮೈತುಂಬ ವಕ್ರವಕ್ರ ಕಾಲುವೆಗಳು. ಒಂದರೊಳಗೆ ಒಂದು ನುಗ್ಗಿ, ಸುತ್ತಿ, ಮತ್ತೆ ಮೇಲೆ ಹೋಗಿ. ಜನ ಸಾಲುಗಟ್ಟಿ ಫೋಟೋ ತೆಗೆಯುತ್ತಿದ್ದರು. ಚೀಟಿಯಲ್ಲಿ ‘ಪ್ರಕೃತಿಯೇ ಕೆತ್ತಿದ್ದು. ಒಂದರ ಹಾಗೆ ಇನ್ನೊಂದಿಲ್ಲ. 38,000’.

ಮಾವ ಕನ್ನಡಕ ಹಾಕಿದರು. ಬಗ್ಗಿದರು. ಆಮೇಲೆ ಹಾಲ್‌ಗೆಲ್ಲ ಕೇಳುವ ಹಾಗೆ ಹೇಳಿದರು.

‘ಅಯ್ಯೋ ಮಾರಾಯ, ಇದು ಬೋರರ್ ಹೊಡೆದ ಗಿಡ!’

ಕಾಫಿಯವರಿಗೆ ಬೇರೆ ವಿವರಣೆ ಬೇಡ. ಉಳಿದವರಿಗೆ: ಬಿಳಿ ಕಾಂಡಕೊರಕ ಅರೇಬಿಕಾದ ಪರಮ ಶತ್ರು. ದುಂಬಿ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಹುಳ ಒಳಗೆ ಕೊರೆಯುತ್ತಾ ಹೋಗುತ್ತದೆ, ಕೊರೆದ ಸುರಂಗಕ್ಕೆ ಹೊಟ್ಟು ತುಂಬುತ್ತದೆ. ಹೊರಗೆ ಕಾಂಡದ ಮೇಲೆ ಉಬ್ಬು ಏಳುತ್ತದೆ, ಎಲೆ ಹಳದಿಯಾಗಿ ಗಿಡ ಬಾಡುತ್ತದೆ. ಮದ್ದು ಅಂತ ದೊಡ್ಡದೇನಿಲ್ಲ. ದುಂಬಿ ಹಾರುವ ಕಾಲ ವರ್ಷಕ್ಕೆ ಎರಡು, ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಅಷ್ಟರೊಳಗೆ ಗಿಡ ಗಿಡ ನೋಡಿ, ಹೊಡೆದದ್ದನ್ನು ಬೇರುಸಹಿತ ಕಿತ್ತು ಸುಡಬೇಕು. ಆರೇಳು ವರ್ಷ ಸಾಕಿದ ಗಿಡವನ್ನು ಬೆಂಕಿಗೆ ಹಾಕುವಾಗ ಮಾವ ಆ ಕಡೆ ಹೋಗುವುದಿಲ್ಲ. ರೈಟರನ್ನು, ಅಂದರೆ ತೋಟದ ಲೆಕ್ಕ ನೋಡುವವರನ್ನು, ಕಳಿಸುತ್ತಾರೆ.

‘ಅಂಕಲ್, ಇದು ಟ್ರೀಟೆಡ್ ವುಡ್’ ಅಂದಳು ಹುಡುಗಿ.

‘ಟ್ರೀಟ್ ಮಾಡಿದ್ದು ಹುಳ’ ಅಂದರು ಮಾವ.

ಯಾರಿಗೂ ಬೇಜಾರಾಗಲಿಲ್ಲ. ಒಬ್ಬರು ಹೋಂಸ್ಟೇ ಮಾಲೀಕರಿಗಂತೂ ಖುಷಿಯೇ ಆಯಿತು. ‘ಹುಳವೇ ಮಾಡಿದ್ದಾ? ಗೆಸ್ಟ್‌ಗೆ ಹೇಳ್ಲಿಕ್ಕೆ ಒಳ್ಳೇ ಸ್ಟೋರಿ’ ಅಂತ ಎರಡು ಬುಕ್ ಮಾಡಿಯೇಬಿಟ್ಟರು. ನಮ್ಮೆದುರೇ ಚೀಟಿ ಬದಲಾಯಿತು. ‘ಸೋಲ್ಡ್’.

ಮಾವ ಹೊರಗೆ ಹೊರಟರು. ಮಾತಿಲ್ಲ. ಹಾಲ್‌ನ ಹಿಂದೆ ಅಡುಗೆಯವರ ಶೆಡ್. ಅಲ್ಲಿ ಹತ್ತಿಪ್ಪತ್ತು ಕೆಂಪು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಬಿಳಿ ಶೂ ಬಿಚ್ಚಿ ಪಕ್ಕಕ್ಕಿಟ್ಟು ಡಿಸೈನರ್ ಸೊಂಟ ನೀವಿಕೊಳ್ಳುತ್ತಿದ್ದ. ನಮಗಿಂತ ಮೊದಲೇ ಯಾವ ಬಾಗಿಲಿಂದ ಬಂದನೋ. ಮಾವನನ್ನು ಕಂಡು ಎದ್ದು ನಿಂತ. ಹಿರಿಯರು ಬಂದಾಗ ಏಳುವುದು ಯಾರೋ ಕಲಿಸಿದ್ದಾರೆ. ಮಾವ ಕೂತರು. ಇನ್ನೊಂದು ಕುರ್ಚಿ ಎಳೆದು ಅದರ ಮೇಲೆ ಕಾಲು ಚಾಚಿದರು. ಯಾರೂ ಬೇಡ ಅನ್ನಲಿಲ್ಲ. ಅಡುಗೆಯವ ಬೆಲ್ಲದ ಕಾಫಿ ಕೊಟ್ಟ.

ಕಾಫಿ ಮುಗಿದ ಮೇಲೆ ಮಾವ ಫೋನ್ ತೆಗೆದರು. ರೈಟರ್‌ಗೆ.

‘ಕಣದ ಹಿಂದೆ ಬೋರರ್ ಗಿಡ ಕಿತ್ತು ರಾಶಿ ಹಾಕಿದ್ದೀರಲ್ಲ, ಎಷ್ಟುಂಟು? ... ನೂರ ನಲವತ್ತಾ?’

ನಾನು ಮನಸ್ಸಲ್ಲೇ ಗುಣಿಸಿದೆ. 53 ಲಕ್ಷದ 20 ಸಾವಿರ. ಮಾವ ನನಗಿಂತ ಬೇಗ ಗುಣಿಸಿರಬೇಕು, ದನಿ ಸ್ವಲ್ಪ ಏರಿತು.

‘ಬೆಂಕಿ ಹಾಕ್ಬೇಡಿ. ನಾನು ಬರುವವರೆಗೆ ಮುಟ್ಟಬೇಡಿ.’

ಆ ಕಡೆಯಿಂದ ರೈಟರ್ ಹೇಳಿದ್ದು ನನಗೂ ಕೇಳಿಸಿತು. ನಿನ್ನೆ ಒಳ್ಳೇ ಬಿಸಿಲು ಬಂತಂತೆ. ಹಾಗಾಗಿ ಡೀಸೆಲ್ ಹಾಕಿ ಸುಟ್ಟಾಯಿತಂತೆ, ಒಂದೂ ಬಿಡದ ಹಾಗೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಡಿಸೈನರ್ ಕಡೆ ಒಮ್ಮೆ ನೋಡಿ, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಮೆಲ್ಲಗೆ ಕೇಳಿದರು.

‘ಬೂದಿ ಎಲ್ಲಿ ಹಾಕಿದ್ರಿ?’