ಮಡಚಿಟ್ಟ ಕಹಳೆ

ನಮ್ಮನೆ ಹಾಲಿನ ಮೂಲೆಯಲ್ಲಿ ಸುಮಾರು 40 ಕೆ.ಜಿ. ತೂಗುವ ಮರದ ಪೆಟ್ಟಿಗೆಯೊಂದಿದೆ. ಬಂದವರೆಲ್ಲ ಅದನ್ನು ನೋಡುತ್ತಾರೆ. ಇದೇನು, ನೀನೇ ಮಾಡಿದ್ದಾ ಎಂದು ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿರುತ್ತೇನೆ. ಅವರು ಬಾಯಿ ತೆರೆಯುವ ಮೊದಲೇ ಅಮ್ಮ, "ಅದು ಟೀವಿ ಸ್ಟ್ಯಾಂಡು, ಕಾಫಿ ಕುಡೀರಿ" ಎಂದುಬಿಡುತ್ತಾಳೆ. ಟೀವಿ ಎದುರಿನ ಗೋಡೆಯಲ್ಲಿ ನೇತಾಡುತ್ತಿರುವುದನ್ನು ಮರ್ಯಾದಸ್ಥ ನೆಂಟರು ನೋಡಿಯೂ ನೋಡದಂತಿರುತ್ತಾರೆ.

ಅದು ಸ್ಟ್ಯಾಂಡಲ್ಲ, ಸಬ್‌ವೂಫರು: ಗುಡುಗಿನಂಥ ತಗ್ಗು ಸದ್ದಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ. ಅಂಗಡಿಯಲ್ಲಿ ಸಿಗುವ ಜಾತಿಯದೂ ಅಲ್ಲ. ಅದರ ಹೊಟ್ಟೆಯೊಳಗೆ ಏಳಡಿ ಉದ್ದದ ಕಹಳೆಯನ್ನು ಮಡಚಿಟ್ಟಿದೆ.

ಯಾಕೆ ಬೇಕಿತ್ತು ಅಂದರೆ, ಗೆಳೆಯನ ಗೃಹಪ್ರವೇಶದಲ್ಲಿ ಅವನ ಹೋಮ್ ಥಿಯೇಟರ್ ಕೇಳಿ "ಇಷ್ಟೇನಾ? ಇದನ್ನ ನಾನೇ ಮಾಡ್ತೀನಿ" ಎಂದು ಎಲೆ ಮುಂದೆ ಕೂತು ಹೇಳಿದ್ದೆ. ಪಾಯಸದ ಹೊತ್ತಿನಲ್ಲಿ ಆಡಿದ ಮಾತನ್ನು ಯಾರೂ ನೆನಪಿಡುವುದಿಲ್ಲ. ನಾನೊಬ್ಬ ಇಟ್ಟೆ.

ಸ್ಪೀಕರಿನಲ್ಲಿ ನಡುಗಿ ಸದ್ದು ಮಾಡುವ ಬಟ್ಟಲಿನಂಥ ಭಾಗವೇ ಕೋನು. ಅದು ಭಾರ, ಎದುರಿಗಿರುವ ಗಾಳಿ ಹಗುರ. ಒನಕೆಯಿಂದ ಹತ್ತಿ ಕುಟ್ಟಿದ ಹಾಗೆ. ಮಾಮೂಲಿ ಪೆಟ್ಟಿಗೆಯಲ್ಲಿ ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಒಂದು ಪಾಲು ಸದ್ದಾದರೆ ಹೆಚ್ಚು. ಉಳಿದದ್ದು ಕಾಯಿಲ್ ಬಿಸಿ ಮಾಡಿಕೊಂಡು ಕೂರುತ್ತದೆ. ಅದೇ ಕೋನಿನ ಮುಂದೆ ಸಣ್ಣದಾಗಿ ಶುರುವಾಗಿ ಬರಬರುತ್ತ ಅಗಲವಾಗುವ ಕೊಳವೆ ಇಟ್ಟರೆ ಗಾಳಿಯ ಮೇಲೆ ಹಿಡಿತ ಸಿಗುತ್ತದೆ. ಗದ್ದೆಯ ಆಚೆ ಬದುವಿನಲ್ಲಿರುವವನನ್ನು ಕರೆಯಲು ನಾವು ಬಾಯಿಗೆ ಅಂಗೈ ಒಡ್ಡುವುದೂ ಇದಕ್ಕೇ.

ತೊಂದರೆಯೆಲ್ಲ ಅಳತೆಯದು. 40 ಹರ್ಟ್ಸಿನ, ಅಂದರೆ ಸೆಕೆಂಡಿಗೆ 40 ಸಲ ನಡುಗುವ, ಸದ್ದಿನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರು. ಶಾಸ್ತ್ರಪ್ರಕಾರ ಕಹಳೆಯ ಬಾಯಿಯ ಸುತ್ತಳತೆ ಅಷ್ಟಿರಬೇಕು, ಅಂದರೆ ಒಂಬತ್ತಡಿ ಅಗಲದ ಬಾಯಿ. ನಮ್ಮನೆ ಮುಂಬಾಗಿಲೇ ಏಳಡಿ ಎತ್ತರ. ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದ: ಕಹಳೆಯನ್ನು ಮಡಚಿ ಕೋಣೆಯ ಮೂಲೆಗೆ ತಳ್ಳಿ, ಎರಡು ಗೋಡೆಗಳನ್ನೇ ಬಾಯಿಯ ಮುಂದುವರಿಕೆ ಮಾಡಿಕೊಂಡ. ನಾನು ಹಿಡಿದದ್ದು ಟ್ಯಾಪ್ಡ್ ಹಾರ್ನ್ ಎಂಬ ಇನ್ನೊಂದು ದಾರಿ. ಅದರಲ್ಲಿ ಕೋನಿನ ಒಂದು ಮುಖ ಕಹಳೆಯ ಗಂಟಲಿನ, ಅಂದರೆ ಸಣ್ಣ ತುದಿಯ, ಕಡೆಗೂ ಇನ್ನೊಂದು ಬಾಯಿಯ ಕಡೆಗೂ ಇರುತ್ತದೆ. ಅಲೆಯ ಕಾಲುಭಾಗದಷ್ಟು, ಅಂದರೆ ಏಳಡಿ, ಉದ್ದವಿದ್ದರೆ ಸಾಕು.

ಇದನ್ನೆಲ್ಲ ಲೆಕ್ಕ ಹಾಕಿಕೊಡಲು ಹಾರ್ನ್‌ರೆಸ್ಪ್ ಎಂಬ ಸಾಫ್ಟ್‌ವೇರ್ ಇದೆ. ಆಸ್ಟ್ರೇಲಿಯಾದ ಡೇವಿಡ್ ಮ್ಯಾಕ್‌ಬೀನ್ ಬರೆದು ಲೋಕಕ್ಕೆ ಪುಕ್ಕಟೆ ಕೊಟ್ಟಿದ್ದಾರೆ. ನೋಡಲು ಹಳೇ ಕಾಲದ ಬ್ಯಾಂಕಿನ ಚಲನ್ ಇದ್ದ ಹಾಗಿದೆ: ಬೂದು ಬಣ್ಣ, ತುಂಬಾ ಚೌಕ, ಪ್ರತಿ ಚೌಕಕ್ಕೂ ಎರಡು ಮೂರು ಅಕ್ಷರದ ಹೆಸರು. ಅದರಲ್ಲೇ ವಿಝಾರ್ಡ್ ಎಂಬ ಕಿಟಕಿ ತೆರೆದರೆ ಸಾಲಾಗಿ ಸ್ಲೈಡರುಗಳು. ಒಂದನ್ನು ಒಂದು ಕೂದಲೆಳೆ ಸರಿಸಿದರೂ, ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಗ್ರಾಫಿನ ಗೆರೆ ಹಾವಿನಂತೆ ಮೈಮುರಿಯುತ್ತದೆ. ಇಸ್ಪೀಟಿನ ಚಟವಾದರೂ ಜೊತೆಗೆ ನಾಲ್ಕು ಜನ ಬೇಕು. ಇದಕ್ಕೆ ಯಾರೂ ಬೇಡ. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದ ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದಳು, "ಏನೋ ಅದು, ಇಸಿಜಿ ನೋಡಿದಂಗೆ ನೋಡ್ತಾ ಕೂತಿದೀಯ? ಯಾರಿಗೆ ಹುಷಾರಿಲ್ಲ?"

ಆ ಚೌಕಗಳಿಗೆ ತುಂಬಲು ಸ್ಪೀಕರಿನ ಜಾತಕ ಬೇಕು. ಥೀಲ್ ಮತ್ತು ಸ್ಮಾಲ್ ಎಂಬ ಇಬ್ಬರು ಎಂಜಿನಿಯರರ ಹೆಸರಲ್ಲಿ ಕರೆಯುವ ಅಂಕಿಗಳು ಇವು. ಕೋನು ತಾನಾಗಿ ಯಾವ ಸ್ವರದಲ್ಲಿ ನಡುಗುತ್ತದೆ, ಎಷ್ಟು ತೂಕ, ಎಷ್ಟು ಬಿಗಿ, ಇತ್ಯಾದಿ. ಪೆಟ್ಟಿಗೆಯ ಜಾತಕಕ್ಕೂ ಇದಕ್ಕೂ ಕೂಡಿಬರದಿದ್ದರೆ ಸಂಸಾರ ಗುಂಯ್‌ಗುಡುತ್ತದೆ. ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ 12 ಇಂಚಿನ ಸ್ಪೀಕರಿನ ಡಬ್ಬದ ಮೇಲೆ ಸಿಂಹದ ಚಿತ್ರವಿತ್ತು, ವ್ಯಾಟು ಸಾವಿರದ ಮೇಲಿತ್ತು, ಜಾತಕ ಮಾತ್ರ ಇರಲಿಲ್ಲ.

ಸರಿ, ನಾವೇ ಬರೆಯಬೇಕು. ಮೊದಲು ಕೋನಿನ ಸಹಜ ಸ್ವರ ಅಳೆಯುವುದು, ಆಮೇಲೆ ಗೊತ್ತಿರುವ ತೂಕವೊಂದನ್ನು ಅದಕ್ಕೆ ಅಂಟಿಸಿ ಸ್ವರ ಎಷ್ಟು ಇಳಿಯಿತೆಂದು ನೋಡುವುದು. 10 ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ. ನಮ್ಮ ಬೀದಿಯ ಯಾವ ಅಂಗಡಿಯವರೂ ಮುಟ್ಟದ ಆರು ನಾಣ್ಯ ಮನೆಯಲ್ಲಿದ್ದವು. ವಿಜ್ಞಾನಕ್ಕಾದರೂ ಚಲಾವಣೆಯಾಗಲಿ ಎಂದು ಕೋನಿನ ಮೇಲೆ ಜೋಡಿಸಿದೆ. ಸದ್ದು ಕೊಟ್ಟದ್ದೇ ತಡ, ಆರೂ ಚಟಪಟ ಕುಣಿದು ಒಂದು ಸೋಫಾ ಕೆಳಗೆ ಓಡಿತು. ಅಡುಗೆಮನೆಯಿಂದ ಚಪಾತಿ ಕಣಕ ತಂದು ಮೆತ್ತಿ ಕೂರಿಸಿದೆ. ಬಂದ ಲೆಕ್ಕ ನೋಡಿ ಖುಷಿಯೋ ಖುಷಿ: ಎಂಥ ಹಗುರದ ಕೋನು! ಮೂರು ದಿನ ಆ ಹಗುರದ ಕೋನಿಗೆ ಪೆಟ್ಟಿಗೆ ಹೊಸೆದೆ. ನಾಲ್ಕನೆಯ ದಿನ ರಾತ್ರಿ ಊಟಕ್ಕೆ ಕೂತು ಚಪಾತಿ ಮುರಿಯುವಾಗ ಕೈ ಅಲ್ಲೇ ನಿಂತಿತು. ಕಣಕದ ತೂಕ ಹಿಡಿದೇ ಇರಲಿಲ್ಲ.

ಮತ್ತೆ ಅಳೆದೆ, ಮತ್ತೆ ಸ್ಲೈಡರು ಸರಿಸಿದೆ. ಕೊನೆಗೊಂದು ರಾತ್ರಿ 40ರಿಂದ 100 ಹರ್ಟ್ಸ್‌ವರೆಗೆ ಗೆರೆ ಟೇಬಲ್ಲಿನಂತೆ ಸಪಾಟಾಯಿತು. ನೂರು ದಾಟಿದ ಮೇಲೆ ಬಾಬಾಬುಡನ್‌ಗಿರಿ ಸಾಲು. ಅದು ಮಿಕ್ಕ ಸ್ಪೀಕರುಗಳ ತಲೆನೋವು. ಪೆಟ್ಟಿಗೆಯ ಸುತ್ತ ಎಷ್ಟು ಬಯಲಿದೆ ಎಂದು ಕೇಳುವ ಚೌಕವೂ ಒಂದಿತ್ತು. 2 ಪೈ ಎಂದಿದ್ದುದನ್ನು ಹಾಗೇ ಬಿಟ್ಟೆ. ಈ ಸಾಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಂಪ್ಯೂಟರಿನೊಳಗೆ ಕಹಳೆ ನೆಟ್ಟಗಿರುತ್ತದೆ. ಮಡಚುವ ಕರ್ಮ ನಮ್ಮದು. ಗ್ರಾಫ್ ಹಾಳೆಯ ಮೇಲೆ ನಾನು ಮಡಚಿದ ಮೊದಲ ಕಹಳೆಯಲ್ಲಿ ಒಳಗೋಡೆಗಳು ಪೆನ್ಸಿಲ್ ಗೆರೆಯಷ್ಟೇ ದಪ್ಪ ಇದ್ದವು. ಪ್ಲೈವುಡ್ಡು 18 ಮಿಲಿಮೀಟರ್ ಎಂಬುದು ಮರದ ಅಂಗಡಿಯಲ್ಲಿ ನಿಂತಾಗ ಹೊಳೆಯಿತು. ಅಲ್ಲೇ ಬಿಲ್ಲಿನ ಹಿಂಬದಿಯಲ್ಲಿ ಎರಡನೆಯ ಕಹಳೆ ಮಡಚಿದೆ.

ಆಚಾರ್ರು ಬಂದು ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದರು. "ಸಾರ್, ಕಪಾಟಾದ್ರೆ ಬಾಗಿಲೆಲ್ಲಿ? ಕೋಳಿಗೂಡಾದ್ರೆ ಇಷ್ಟು ಸೊಟ್ಟ ಯಾಕೆ?" ನಾನು ಕಹಳೆಯ ಸಿದ್ಧಾಂತ ಹೇಳಿದೆ. ಅವರು ಬೀಡಿ ಮುಗಿಯುವವರೆಗೂ ತಾಳ್ಮೆಯಿಂದ ಕೇಳಿ, "ಅಳತೆ ಹೇಳಿ" ಅಂದರು. 387 ಮಿಲಿಮೀಟರ್ ಅಂದೆ. "ಹದಿನೈದೂಕಾಲು ಇಂಚು." ಇಲ್ಲ ಆಚಾರ್ರೇ, ಇದು ತುಂಬಾ ನಿಖರವಾಗಿರಬೇಕು ಎಂದು ಫೋನು ತೆಗೆದು ಭಾಗಿಸಿದೆ. ಹದಿನೈದೂಕಾಲು ಇಂಚಿಗೆ ಅರ್ಧ ಮಿಲಿಮೀಟರೂ ವ್ಯತ್ಯಾಸ ಇರಲಿಲ್ಲ. ಆಮೇಲೆ ನಾನು ಫೋನು ತೆಗೆಯಲಿಲ್ಲ.

ಎರಡು ದಿನದಲ್ಲಿ ಫೆವಿಕಾಲ್ ಸುರಿದು, ಸ್ಕ್ರೂ ಬಿಗಿದು, ಕೊನೆಯ ಪಕ್ಕದ ಹಲಗೆಯನ್ನೂ ಮುಚ್ಚಿಯಾಯಿತು. ಆಚಾರ್ರು ಕೈ ಒರೆಸಿಕೊಂಡು, ಬಾಗಿಲ ಬಳಿಯಿದ್ದ ಸ್ಪೀಕರ್ ತೋರಿಸಿ ಕೇಳಿದರು: "ಇದು ಒಳಗೆ ಹೋಗೋದು ಎಲ್ಲಿಂದ ಸಾರ್?"

ಟ್ಯಾಪ್ಡ್ ಹಾರ್ನಿನಲ್ಲಿ ಸ್ಪೀಕರ್ ಕೂರುವುದು ಒಳಗೋಡೆಯ ಮೇಲೆ. ನನ್ನ ನಕ್ಷೆಯಲ್ಲಿ ಅಲೆ ಹೋಗುವ ದಾರಿ ಮಿಲಿಮೀಟರಿನ ಲೆಕ್ಕದಲ್ಲಿತ್ತು. ಸ್ಪೀಕರ್ ಹೋಗುವ ದಾರಿ ಇರಲೇ ಇಲ್ಲ. ಬಾಯಿಯ ಕಡೆಯಿಂದ ತೂರಿಸಲು ನೋಡಿದೆವು. ಓರೆ ಮಾಡಿದೆವು, ತಲೆಕೆಳಗು ಮಾಡಿದೆವು, ಎರಡಿಂಚಿಗೆ ಸಿಕ್ಕಿಕೊಂಡಿತು. ಆಚಾರ್ರು ಏನೂ ಅನ್ನದೆ ಗರಗಸದ ಮೆಷೀನು ತಂದು ಪಕ್ಕದ ಹಲಗೆಯಲ್ಲಿ ಚೌಕ ಕೊರೆದು ಸ್ಕ್ರೂ ಮುಚ್ಚಳ ಮಾಡಿಕೊಟ್ಟರು. ಅವರು ಏನಾದರೂ ಅಂದುಬಿಟ್ಟಿದ್ದರೆ ವಾಸಿ ಇತ್ತು.

ಮುಚ್ಚಳದ ಸಂದಿಯಲ್ಲಿ ಗಾಳಿ ಸೋರಿದರೆ ಕೆಲಸ ಕೆಟ್ಟಿತು. ಸೋರಿಕೆ ಹುಡುಕಲು ಒಳ್ಳೇ ಸಾಧನ ಊದುಬತ್ತಿ: ಸ್ಪೀಕರ್ ಓಡುವಾಗ ಸಂದಿಯ ಹತ್ತಿರ ಹಿಡಿದರೆ ಹೊಗೆ ಬೆದರುತ್ತದೆ. ನಾನು ಪೆಟ್ಟಿಗೆಯ ಸುತ್ತ ಊದುಬತ್ತಿ ಆಡಿಸುತ್ತ ಪ್ರದಕ್ಷಿಣೆ ಬರುತ್ತಿರುವಾಗ ಅಮ್ಮ ಫೋನಿನಲ್ಲಿ ಶಿವಮೊಗ್ಗದ ಅಕ್ಕನಿಗೆ ಪಿಸುಗುಡುತ್ತಿದ್ದುದು ಕೇಳಿಸಿತು. "ಈಗ ಪೂಜೆಗೇ ಇಳಿದಿದಾನೆ ಕಣೇ."

ಆ ಭಾನುವಾರ ಕುರ್ಚಿಯನ್ನು ಹಾಲಿನ ನಟ್ಟನಡುವೆ ಹಾಕಿಕೊಂಡು ಕೂತೆ. 40 ಹರ್ಟ್ಸಿನಿಂದ ಸ್ವರ ಮೆಲ್ಲಗೆ ಏರುತ್ತ ಬಂತು. 47ರ ಹತ್ತಿರ ಬಂದಾಗ ಸದ್ದೇ ಮಾಯ. ಆಂಪ್ಲಿಫೈಯರ್ ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಇಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು, ಪಕ್ಕದ ಮನೆಯವರ ಕಾಲಿಂಗ್ ಬೆಲ್ಲು, ಎರಡೂ ಒಟ್ಟಿಗೆ. ಆಮೇಲೆ ಲೆಕ್ಕ ಮಾಡಿದೆ. ಹಾಲು 12 ಅಡಿ. ಅಷ್ಟಕ್ಕೆ ಸರಿಯಾಗಿ ಅರ್ಧ ಅಲೆ ಹಿಡಿಯುವುದು 47 ಹರ್ಟ್ಸ್‌ನಲ್ಲಿ. ಆಗ ಗೋಡೆಗಳ ಬುಡದಲ್ಲಿ ಸದ್ದು ಭೋರ್ಗರೆಯುತ್ತದೆ, ನಟ್ಟನಡುವೆ ಸೊನ್ನೆ. ಇಡೀ ಬೀದಿಗೆ ಕೇಳಿಸಿದ್ದು ಕಾಸು ಖರ್ಚು ಮಾಡಿದವನೊಬ್ಬನಿಗೆ ಕೇಳಿಸಿರಲಿಲ್ಲ. 2 ಪೈ ಅಂದರೆ ಕೆಳಗೆ ನೆಲ ಒಂದು, ಮಿಕ್ಕಂತೆ ಸುತ್ತಲೂ ಖಾಲಿ ಬಯಲು. ನಾನು ಎರಡು ತಿಂಗಳು ಕೂತು ಕೆತ್ತಿದ್ದು ಮೈದಾನದ ಪೆಟ್ಟಿಗೆ.

ಆಮೇಲೆ ಮನೆಯ ಸಾಮಾನುಗಳ ಶ್ರುತಿಯೂ ಒಂದೊಂದಾಗಿ ಗೊತ್ತಾಯಿತು. 52ಕ್ಕೆ ಬೀರುವಿನ ಕನ್ನಡಿ, 58ಕ್ಕೆ ಪಾತ್ರೆ ಸ್ಟ್ಯಾಂಡಿನ ಲೋಟಗಳು, 63ಕ್ಕೆ ಕಿಟಕಿ ಗ್ರಿಲ್. ಅಪ್ಪನ ಫೋಟೋ ಮಾತ್ರ ಯಾವ ಸ್ವರಕ್ಕೂ ಅಲುಗಲಿಲ್ಲ. ಬದುಕಿದ್ದಾಗಲೂ ಅವರಿಗೆ ನನ್ನ ಯಾವ ಕೆಲಸವೂ ಹಾಗೇ. ಮಾರನೆಯ ದಿನ ಅಮ್ಮ ಪೆಟ್ಟಿಗೆಯ ಮೇಲೆ ಕ್ರೋಶಾ ಬಟ್ಟೆ ಹಾಸಿ ಹೂದಾನಿ ಇಟ್ಟಳು. ಟೀವಿ ಸ್ಟ್ಯಾಂಡ್ ಎಂಬ ನಾಮಕರಣವಾದದ್ದು ಆಗಲೇ.

ಗಣೇಶ ಹಬ್ಬಕ್ಕೆ ಪಕ್ಕದ ಖಾಲಿ ಸೈಟಿನಲ್ಲಿ ಬೀದಿ ಹುಡುಗರು ಪೆಂಡಾಲ್ ಹಾಕಿದರು. ಅವರ ಬಾಡಿಗೆ ಸೌಂಡ್ ಬಾಕ್ಸು ಕೈಕೊಟ್ಟಿತು. "ಅಂಕಲ್, ನಿಮ್ಮನೇಲಿ ಒಂದು ಇದೆಯಂತಲ್ಲ" ಎಂದು ಬಂದರು. ಹೂದಾನಿ ಇಳಿಸಿ ನಾಲ್ಕು ಜನ ಹೊತ್ತೊಯ್ದರು. ತಮಟೆಯ ರೆಕಾರ್ಡು ಹಾಕಿದ ಮೊದಲ ಏಟಿಗೆ ನನ್ನ ಅಂಗಿಯ ಗುಂಡಿ ನಡುಗಿತು. ಆ ಗದ್ದಲದಲ್ಲೇ ಫೋನಿನ ಮೈಕಿನಿಂದ ಅಳೆದೆ. ಆ ರಾತ್ರಿ ಎರಡು ಗಂಟೆಯಲ್ಲಿ ಕಂಡಿದ್ದ ಅದೇ ಗೆರೆ, ಹೆಚ್ಚು ಕಡಿಮೆ ಹಾಗೇ, ನೆಲದ ಮೇಲೆ ನಿಂತಿತ್ತು. ಫೋನು ಹಿಡಿದು ಯಾರಿಗಾದರೂ ತೋರಿಸೋಣ ಅಂದರೆ ಎಲ್ಲರೂ ಕುಣಿಯುತ್ತಿದ್ದರು.

ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ ಕಾನೂನು ಕುಣಿಯುವವರಿಗೆ ನೆನಪಿರುವುದಿಲ್ಲ. ಹತ್ತೂ ಇಪ್ಪತ್ತಕ್ಕೆ ಪೊಲೀಸ್ ಬೈಕು ಬಂತು. ತಮಟೆ ನಿಂತಿತು. ಅವರು ಟಾರ್ಚು ಬಿಟ್ಟು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಬಾಯಿಯೊಳಗೆ ಇಣುಕಿ ನೋಡಿದರು.

"ಯಾರ್ರೀ ಮಾಡಿದ್ದು ಇದನ್ನ?"

ಎಷ್ಟು ತಿಂಗಳಿಂದ ಕಾಯುತ್ತಿದ್ದ ಪ್ರಶ್ನೆ! ನಾನೂ ಎಲ್ಲರ ಹಾಗೆ ಅತ್ತಿತ್ತ ಮುಖ ತಿರುಗಿಸಿ, ಯಾರಿರಬಹುದು ಎಂದು ಹುಡುಕತೊಡಗಿದೆ. ಆಗ ನಮ್ಮ ಕಾಂಪೌಂಡಿನ ಆಚೆಯಿಂದ ಅಮ್ಮನ ದನಿ, ಯಾವ ಕಹಳೆಯ ಹಂಗೂ ಇಲ್ಲದೆ, ಸೈಟು ದಾಟಿ ಬಂತು:

"ನಮ್ಮ ಹುಡುಗಾನೇ ಸಾರ್ ಮಾಡಿದ್ದು! ಅಲ್ಲಿ ನೀಲಿ ಅಂಗಿ ಹಾಕ್ಕೊಂಡು ನಿಂತಿದಾನಲ್ಲ, ಅವನೇ! ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದಾನೆ!"