ಆಯುಷ್ಮಾನ್ ಕಾರ್ಡ್: 60 ಅಲ್ಲ, 70

ನಿನ್ನೆ ನಾನೇ ಗ್ರೂಪಿಗೆ ಹಾಕಿದ್ದ ಮೆಸೇಜು ತಪ್ಪು. ‘ಪಾರ್ಲಿಮೆಂಟಿನಲ್ಲಿ ಹೊಸ ಕಾನೂನು ಪಾಸಾಗಿದೆ, 60 ದಾಟಿದ ಎಲ್ಲರಿಗೂ ತಲಾ 5 ಲಕ್ಷದ ಚಿಕಿತ್ಸೆ ಉಚಿತ’ ಅಂತಿತ್ತಲ್ವಾ, ಅದು. ಓದದೆ ಸುಮ್ನೆ ಒತ್ತಿಬಿಟ್ಟೆ.

ಅದು ಕಾನೂನಲ್ಲ, 2024ರ ಸೆಪ್ಟೆಂಬರ್ 11ರಂದು ಕೇಂದ್ರ ಸಂಪುಟ ತೆಗೆದುಕೊಂಡ ತೀರ್ಮಾನ. ಸರ್ಕಾರದ ಪ್ರಕಟಣೆಯಲ್ಲಿ ವಯಸ್ಸು 70 ಅಂತಲೇ ಇದೆ. ಆದಾಯ ನೋಡುವುದಿಲ್ಲ, ಎಪಿಎಲ್ ಆದರೂ ಸಿಗುತ್ತದೆ. ಆದರೆ ವರ್ಷಕ್ಕೆ 5 ಲಕ್ಷ ಇಡೀ ಕುಟುಂಬದ ಲೆಕ್ಕ: ಅಜ್ಜ ಅಜ್ಜಿ ಇಬ್ಬರೂ 70 ದಾಟಿದ್ದರೆ ಅದೇ 5 ಲಕ್ಷವನ್ನು ಹಂಚಿಕೊಳ್ಳಬೇಕು. ಅದೂ ಅಡ್ಮಿಟ್ ಆದಾಗ. ತಿಂಗಳ ಬಿಪಿ ಮಾತ್ರೆಗೆ ನಡೆಯಲ್ಲ. ವಯಸ್ಸಿಗೆ ಆಧಾರ್‌ನಲ್ಲಿರುವುದೇ ಲೆಕ್ಕ.

ಹಳೇ ಮೆಸೇಜ್ ಡಿಲೀಟ್ ಮಾಡಿ, ದಯವಿಟ್ಟು ಮುಂದಕ್ಕೆ ಕಳಿಸಬೇಡಿ.