ಹನ್ನೊಂದು ಬಾಟಲಿಗಳ ಪ್ರಾಣಪ್ರತಿಷ್ಠೆ

ಈಗಷ್ಟೇ ಅಂಗಡಿಯಿಂದ ಬಂದೆ. ಶೂ ಕೂಡ ಬಿಚ್ಚಿಲ್ಲ. ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ, ಆಮೇಲೆ ನಗು ಬಂದುಬಿಟ್ಟರೆ ನ್ಯಾಯ ಸಿಗುವುದಿಲ್ಲ.

ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಏಳು ವಾರ. ಇಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು ಎಂದು ಎಲ್ಲರೂ ಹೇಳಿದರು. ನಮ್ಮನೆಯವರು ನಂಬಲಿಲ್ಲ, ಬಾಟಲಿ ಹೊತ್ತು ತಂದರು. ಮೊದಲ ಸಲ ತಂದ ಆರೂ ಗ್ಯಾಸ್ ನೀರು! ಲೋಟಕ್ಕೆ ಬಗ್ಗಿಸಿದರೆ ಬುಸ್ಸೆನ್ನುತ್ತಿತ್ತು. ಬೇಳೆ ಬೇಯಿಸಿ ಖಾಲಿ ಮಾಡಿದೆ.

ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ ಇಲ್ಲಿ 25 ಸೆಂಟ್ ಠೇವಣಿ. ಇಲ್ಲಿಯವರು ಅದನ್ನು ‘ಫಾಂಡ್’ ಅನ್ನುತ್ತಾರೆ. 2003ರಿಂದ ನಡೆದುಬಂದ ಪದ್ಧತಿಯಂತೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗಿಟ್ಟರೆ ಚೀಟಿ ಬರುತ್ತದೆ, ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ಯಂತ್ರ ಬಾಟಲಿಯನ್ನು ಗಿರಗಿರನೆ ತಿರುಗಿಸಿ, ಹೆಣ್ಣು ನೋಡಲು ಬಂದವರ ಹಾಗೆ ಹಿಂದೆ ಮುಂದೆ ಪರೀಕ್ಷಿಸುತ್ತದೆ. ಮೈಮೇಲಿನ ಗುರುತು ಸರಿಯಾಗಿ ಕಂಡರೆ ಮಾತ್ರ ಒಪ್ಪಿಗೆ.

ಇನ್ನು ನಮ್ಮನೆಯವರ ವಿಷಯ. ‘ಬಳಸಿದ ಮೇಲೆ ಜಜ್ಜಿ ಬಿಸಾಡಿ’ ಎಂದು ನಮ್ಮೂರ ನೀರಿನ ಬಾಟಲಿಗಳ ಮೇಲೆ ಬರೆದಿರುತ್ತದಲ್ಲ, ಅದನ್ನು ಓದಿ ಪಾಲಿಸುವ ಒಬ್ಬೇ ಒಬ್ಬ ಭಾರತೀಯ ನನಗೆ ಗಂಟುಬಿದ್ದಿದ್ದಾರೆ. ಜಜ್ಜದಿದ್ದರೆ ಯಾರಾದರೂ ನಲ್ಲಿ ನೀರು ತುಂಬಿ ರೈಲಿನಲ್ಲಿ ಮಾರುತ್ತಾರೆ ಎಂಬ ಆತಂಕ. ಜಜ್ಜುವುದೂ ಸುಮ್ಮನೆ ಅಲ್ಲ. ಮುಚ್ಚಳ ತೆಗೆದು, ನಡುವಿಗೆ ಒಂದು ತಿರುಚು ಕೊಟ್ಟು, ನೆಲಕ್ಕಿಟ್ಟು ಹಿಮ್ಮಡಿಯಿಂದ ಒಂದು ತುಳಿತ, ಕರ್‌ರ್‌ರ್ ಪಟ್! ಆಮೇಲೆ ಮುಚ್ಚಳ ಬಿಗಿ. ವಾಮನನ ಮೂರನೇ ಹೆಜ್ಜೆಯಲ್ಲೂ ಅಷ್ಟು ಸಂಕಲ್ಪ ಇದ್ದಿರಲಾರದು. ಮೊನ್ನೆ ಭಾನುವಾರ ಮಧ್ಯಾಹ್ನ ಈ ಕಾರ್ಯಕ್ರಮ ನಡೆದು, ಕೆಳಮನೆ ಅಜ್ಜಿ ಮೇಲೆ ಬಂದು ಬಾಗಿಲು ತಟ್ಟಿದರು. ಭಾನುವಾರ ಇಲ್ಲಿ ಸದ್ದು ಮಾಡುವ ಹಾಗಿಲ್ಲ. ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವುದೂ ನಿಷಿದ್ಧ. ನಮಗೆ ಬರುವ ಜರ್ಮನ್ ಒಂದೇ ಪದ, ‘ಎಂಟ್‌ಶುಲ್ಡಿಗುಂಗ್’, ಕ್ಷಮಿಸಿ ಅಂತ. ಅದನ್ನೇ ಮೂರು ಸಲ ಹೇಳಿದೆವು.

ಆ ಅಜ್ಜಿಗೆ ನಮ್ಮ ಮೇಲೆ ಮೊದಲೇ ಅನುಮಾನ. ಈ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಸರದಿ ಇದೆ. ಯಾರ ಬಾಗಿಲಿಗೆ ಆ ಹಲಗೆ ತೂಗುಬಿದ್ದಿರುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಲು. ಒಂದು ದಿನ ಅದು ನಮ್ಮ ಬಾಗಿಲಿಗೆ ಬಂತು. ಸ್ವಾಗತ ಫಲಕ ಎಂದುಕೊಂಡು ಒಳಗೆ ತಂದು, ದೇವರ ಪಟದ ಪಕ್ಕ ಒರಗಿಸಿದೆವು. ಎರಡು ವಾರ ಯಾರೂ ಮೆಟ್ಟಿಲು ಗುಡಿಸಲಿಲ್ಲ.

ಇವತ್ತಿಗೆ ಬರೋಣ. ಹನ್ನೊಂದು ಬಾಟಲಿ, ಎರಡು ಮುಕ್ಕಾಲು ಯೂರೋ. ಎಂಟು ವರ್ಷದ ಮಗರಾಯನೂ ಜೊತೆಗೆ. ಯಂತ್ರದ ಬಾಯಿಗೆ ಮೊದಲ ಬಾಟಲಿ ಇಟ್ಟೆ. ಹಪ್ಪಳದ ಹಾಗಿದ್ದ ಅದನ್ನು ಯಂತ್ರ ವಾಪಸ್ ಉಗುಳಿತು. ಎರಡನೆಯದನ್ನೂ ಉಗುಳಿತು. ಹಿಂದೆ ಸಾಲು ಬೆಳೆಯುತ್ತಿತ್ತು.

“ರೀ, ಹೋಗೋಣ ಬನ್ನಿ” ಅಂದೆ.

“ಇರು” ಅಂದವರೇ ಮುಚ್ಚಳ ತೆಗೆದು ಬಾಟಲಿಯನ್ನು ಬಾಯಿಗಿಟ್ಟು ಊದತೊಡಗಿದರು. ಕೆನ್ನೆ ಉಬ್ಬಿತು, ಕಣ್ಣು ಹೊರಬಂತು, ಕಿವಿ ಕೆಂಪಾಯಿತು. ಒಳಗಿನಿಂದ ‘ಟಪ್’! ಸತ್ತಿದ್ದ ಬಾಟಲಿ ಎದ್ದು ನಿಂತಿತು. ಯಂತ್ರ ತಿರುಗಿಸಿ ನೋಡಿ ನುಂಗಿಯೇಬಿಟ್ಟಿತು. ಮಗ ಚಪ್ಪಾಳೆ ತಟ್ಟಿದ. ಇನ್ನು ಇವರನ್ನು ಹಿಡಿಯುವವರು ಯಾರು? ಒಂದೊಂದಕ್ಕೂ ಮಂಗಳಾರತಿಯ ಶಂಖ ಊದಿದ ಹಾಗೆ ಊದಿದರು. ನಾಲ್ಕನೆಯದು ‘ಪುಸ್ಸ್’ ಎಂದು ವಿಚಿತ್ರ ಸದ್ದು ಮಾಡಿದಾಗ, ಹಿಂದಿದ್ದ ಹೆಂಗಸು ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಪಕ್ಕದ ಆಲೂಗಡ್ಡೆ ರಾಶಿಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಅಲ್ಲಿ ನಿಂತವಳಿಗೆ ಅಮ್ಮನ ಅಡುಗೆಮನೆ ನೆನಪಾಯಿತು. ಹಾರ್ಲಿಕ್ಸ್ ಖಾಲಿಯಾದ ಬಾಟಲಿಗೆ ಸಾರಿನ ಪುಡಿ, ಅದಕ್ಕಿಂತ ಹಳೆಯದಕ್ಕೆ ಮೆಂತ್ಯ. “ಹಳೇ ಪೇಪರ್, ಖಾಲಿ ಬಾಟ್ಲೀ...” ಎಂದು ಸೈಕಲ್ಲಿನವನು ಕೂಗಿದರೂ ಅಮ್ಮ ಒಂದನ್ನೂ ಸುಲಭಕ್ಕೆ ಕೊಡುತ್ತಿರಲಿಲ್ಲ. ಕೊಟ್ಟ ದಿನ ಅವನ ತಕ್ಕಡಿ ಮೇಲೆ ಅರ್ಧ ಗಂಟೆ ಜಗಳ. ಈ ಯಂತ್ರದ ಜೊತೆ ಜಗಳ ಆಡಲು ನನಗೆ ಭಾಷೆ ಬರಬೇಕಲ್ಲ.

ಏಳು ಬಾಟಲಿ ಬದುಕಿದವು, ನಾಲ್ಕು ಎಷ್ಟು ಊದಿದರೂ ಏಳಲಿಲ್ಲ. ಒಂದು ಮುಕ್ಕಾಲು ಯೂರೋ, ನಮ್ಮ ಲೆಕ್ಕದಲ್ಲಿ ನೂರೈವತ್ತು ರೂಪಾಯಿಗೂ ಮೇಲೆ. ತಲೆಸುತ್ತಿ ಗೋಡೆಗೊರಗಿದ್ದ ಇವರು ಕೈಸನ್ನೆಯಲ್ಲೇ ಮಗನಿಗೆ ‘ಚೀಟಿ ತಗೋ’ ಅಂದರು. ಪರದೆಯ ಮೇಲೆ ಎರಡು ಗುಂಡಿ. ಮಗ ಚೆಂದ ಕಂಡದ್ದನ್ನು ಒತ್ತಿದ.

ಚೀಟಿ ಬರಲಿಲ್ಲ. ಅದು ದಾನದ ಗುಂಡಿಯಂತೆ.